ನೀಲಿ ಕಡ್ಡಿ ನೆಟ್ಟ ಜಾಗ

"ಕಡ್ಡಿ ಕೀಳಬೇಡಿ! ಹೇಳ್ತಿರೋದು ಕೇಳಿಸ್ತಿಲ್ವಾ?"

ಕಡಲ ಗಾಳಿಗೆ ಅರ್ಧ ಮಾತು ಹಾರಿಹೋಯಿತು. ಅವಳು ಬಗ್ಗಿ ಮೂರನೆಯ ನೀಲಿ ಕಡ್ಡಿಯನ್ನೂ ಮರಳಿನಿಂದ ಕಿತ್ತಳು!

ಪಕ್ಷಿಧಾಮದ ಕಾವಲುಗಾರ ಹಗ್ಗದ ಬೇಲಿಯ ಆಚೆ ಏದುಸಿರು ಬಿಡುತ್ತಾ ನಿಂತಿದ್ದ.

"ಕೀಳ್ತೀನಿ. ಏನ್ಮಾಡ್ತೀರಾ?"

ಅಯ್ಯೋ... ಇದು ನನ್ನದೇ ದನಿಯಾ? ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ತಾನೇ ಸಾರಿ ಕೇಳುವ ಹುಡುಗಿ ಅವಳು.

"ನಮ್ಮ ತಾತನ ಎಸ್ಟೇಟ್ ಇದು. ಕೈಬಿಟ್ಟು ಹೋಗೋ ಮುಂಚೆ ಸರ್ವೆಯವರು ಅಂಗಳದ ತುಂಬಾ ಹೀಗೇ ಕಡ್ಡಿ ನೆಟ್ಟಿದ್ರು. ಆಮೇಲೆ ಚಿಕ್ಕಪ್ಪ ಎಲ್ಲ ಮಾರಿದ್ರು. ಈಗೇನು, ಹೋಟೆಲ್ ಕಟ್ತೀರಾ? ನಮ್ಮ ಮನೆಗೆ ನಾನು ಟಿಕೆಟ್ ತಗೊಂಡು ಬಂದಿದ್ದು ಸಾಲದಾ?"

ಅವನ ಮುಖ ಬಾಡಿತು.

"ಹೋಟೆಲ್ ಅಲ್ಲ ರೀ... ಗೂಡು. ಹಕ್ಕಿಗಳು ಮರಳಲ್ಲೇ ಮೊಟ್ಟೆ ಇಟ್ಟಿವೆ. ಮೊಟ್ಟೆಗೂ ಮರಳಿನದೇ ಬಣ್ಣ. ಯಾರೂ ತುಳಿಯದಿರಲಿ ಅಂತ ಗುರುತಿಗೆ ನೆಟ್ಟಿದ್ದೆ."

ಅವಳು ತನ್ನ ಕಾಲ ಸುತ್ತಲಿನ ಮರಳನ್ನು ಬಗ್ಗಿ ನೋಡಿದಳು.

"ಬಂದ ಹೆಜ್ಜೆ ಮೇಲೇ ಹೆಜ್ಜೆ ಇಟ್ಟು ಹೊರಗೆ ಬನ್ನಿ," ಎಂದ.

ಹಕ್ಕಿ ನೋಡಲೆಂದು ದಂಡೆಯಂಚಿಗೆ ಕಟ್ಟಿದ, ಹಲಗೆಯ ಗೂಡಂಗಡಿಯಂಥ ಮರೆಯಲ್ಲಿ ಇಬ್ಬರೂ ಅಡಗಿ ಕೂತರು. ಒಂದು ಹಕ್ಕಿ ಬಂದು ಕಾವಿಗೆ ಕೂತಿತು. ಇನ್ನೊಂದೂ ಬಂತು. ಮೂರನೆಯದರ ಸುಳಿವೇ ಇಲ್ಲ. ಅದರ ಗೂಡು ಪೊದೆಯ ಆಚೆ ಎಲ್ಲೋ, ಕಡ್ಡಿ ಕಿತ್ತ ಗುರುತೂ ಗಾಳಿಗೆ ಮುಚ್ಚಿಹೋಗಿದೆ... ಹುಡುಕಲು ಹೋದರೆ ತಾವೇ ತುಳಿದುಬಿಟ್ಟಾರು!

"ನೀವು ಹೊರಡಿ," ಎಂದ ಅವನು. "ದೊಡ್ಡಮನೆಯವರ ಕೋಪಕ್ಕೆ ಹಕ್ಕಿ ಯಾಕೆ ಸಾಯಬೇಕು?"

ಎರಡು ಕಡ್ಡಿಗಳನ್ನು ಅವನ ಕೈಗಿತ್ತು, ಮೂರನೆಯದನ್ನು ಅವಳು ತನ್ನಲ್ಲೇ ಇಟ್ಟುಕೊಂಡಳು.

"ಹೋಗಲ್ಲ. ಆ ಗೂಡು ಸಿಗೋ ತನಕ ದಿನಾ ಬರ್ತೀನಿ!"

ಬಂದಳು. ದಿನವೂ ಟಿಕೆಟ್ ತೆಗೆದುಕೊಂಡೇ ಬಂದಳು. ಅವನು ಮುಖ ನೋಡದೆ ಟಿಕೆಟ್ ಹರಿದುಕೊಡುತ್ತಿದ್ದ. ಕೆಲವು ದಿನ ಕಳೆದ ಮೇಲೆ ದುರ್ಬೀನು ಕೊಟ್ಟ. ಆಮೇಲೆ ಫ್ಲಾಸ್ಕಿನ ಮುಚ್ಚಳದಲ್ಲಿ ಟೀ.

"ಗೂಡಿನ ಹತ್ತಿರ ಯಾರಾದ್ರೂ ಬಂದ್ರೆ ತಾಯಿ ಹಕ್ಕಿ ರೆಕ್ಕೆ ಮುರಿದ ಹಾಗೆ ಕುಂಟುತ್ತೆ. ಬಂದವರನ್ನ ದೂರ ಕರ್ಕೊಂಡು ಹೋಗೋಕೆ. ಭಾರಿ ನಾಟಕಗಾರ್ತಿ!"

ಅವಳು ನಕ್ಕು ಪಕ್ಕದ ಹಲಗೆಗೆ ಒರಗಿದಳು. ಎಲ್ಲ ಹಲಗೆಗೂ ಹಸಿರು ಬಣ್ಣ, ಇದೊಂದಕ್ಕಿಲ್ಲ. ಮೇಲೆ ಸೀಸದಕಡ್ಡಿಯ ಗೀರುಗಳು, ಒಂದರ ಮೇಲೊಂದು...

"ಹಳೇ ಮನೆಯ ಬಾಗಿಲು ಅದು," ಎಂದ. "ಯಾವುದೋ ಮಗುವಿನ ಎತ್ತರ ಅಳೆದಿದ್ದಾರೆ. ಬಣ್ಣ ಹೊಡೆಯೋಕೆ ಮನಸ್ಸೇ ಬರಲಿಲ್ಲ."

"ಯಾವುದೋ ಮಗು ಅಲ್ಲ..." ಅವಳು ಗೀರುಗಳ ಮೇಲೆ ಬೆರಳಾಡಿಸಿದಳು. "ನಾನು."

ಅವನು ಮೊದಲ ಸಲ ಅವಳನ್ನು ಕಣ್ತುಂಬ ನೋಡಿದ.

ಇಷ್ಟು ದಿನ ನನ್ನನ್ನೇ ಕಾಯುತ್ತಿದ್ದನಾ, ಗೊತ್ತಿಲ್ಲದೆ?

ಅಷ್ಟರಲ್ಲಿ ಗೇಟಿನ ಕಡೆಯಿಂದ ಗುಡುಗು!

"ಏನೇ ಇದು? ಸಂಬಳಕ್ಕಿರೋ ಕಾವಲುಗಾರನ ಪಕ್ಕ ಕೂತಿದ್ದೀಯಾ, ನಮ್ಮ ಜಾಗದಲ್ಲೇ? ನಡಿ ಮನೆಗೆ!"

ಚಿಕ್ಕಪ್ಪ! ಹಗ್ಗ ದಾಟಿ ಮರಳಿನ ಮೇಲೆ ದಾಪುಗಾಲು ಹಾಕುತ್ತಿದ್ದರು. ಪೊದೆಯಿಂದ ಒಂದು ಹಕ್ಕಿ ಹೊರಬಿತ್ತು... ರೆಕ್ಕೆ ಎಳೆದುಕೊಂಡು ಕುಂಟಿತು!

"ಚಿಕ್ಕಪ್ಪಾ, ನಿಂತಲ್ಲೇ ನಿಲ್ಲಿ! ಕಾಲು ಎತ್ತಬೇಡಿ!"

ಆ ಕೂಗಿಗೆ ಅವರು ಬೆಚ್ಚಿ ನಿಂತರು. ಅವಳು ಬೇಲಿ ಸುತ್ತಿ ಓಡಿ, ಅವರ ಹೆಜ್ಜೆಗುರುತಿನ ಮೇಲೇ ಕಾಲಿಡುತ್ತಾ ಹೋದಳು. ಅವರ ಬೂಟಿನ ಪಕ್ಕದಲ್ಲೇ, ಗೇಣು ದೂರದಲ್ಲಿ, ಚುಕ್ಕೆ ಚುಕ್ಕೆಯ ಮೊಟ್ಟೆಗಳು!

ಬೂಟಿಗೂ ಮೊಟ್ಟೆಗೂ ನಡುವೆ ತನ್ನಲ್ಲಿದ್ದ ನೀಲಿ ಕಡ್ಡಿ ನೆಟ್ಟಳು.

"ಇಲ್ಲಿಂದ ಮುಂದೆ ಬರಬೇಡಿ. ನಮ್ಮ ಜಾಗ ಅಂತಲೂ ಅನ್ನಬೇಡಿ. ಮಾರಿದವರು ನೀವು, ಕಾಯ್ತಿರೋರು ಇವರು. ನಾನು ಬರಲ್ಲ."

"ಯಾರಿಗೋಸ್ಕರನೇ ಇಷ್ಟು ಎದುರು ಮಾತು?"

"ಇವರಿಗೋಸ್ಕರ! ಕೇಳಿಸ್ತಾ, ಇನ್ನೊಂದು ಸಲ ಹೇಳ್ಲಾ?"

ಚಿಕ್ಕಪ್ಪ ಕಾಲ ಬಳಿಯ ಮೊಟ್ಟೆಗಳನ್ನೊಮ್ಮೆ ನೋಡಿದರು. ಬಂದ ಹೆಜ್ಜೆಯಲ್ಲೇ ಹಿಂದೆ ಸರಿದರು.

ಅವಳು ಹಗ್ಗದ ಹೊರಗೆ ಬಂದಾಗ ಅವನು ಮೆಲ್ಲಗೆ ಕೇಳಿದ, "ಊರಿಗೆಲ್ಲ ಕೇಳೋ ಹಾಗೆ ಕೂಗಿದ್ರಲ್ಲ... ಮೊದಲು ನನಗೆ ಹೇಳಬಾರದಿತ್ತಾ?"

"ನಿಮಗೆ ಹೇಳೋಕೆ ನಾಚಿಕೆ ಆಗ್ತಿತ್ತು..."

"ಗೂಡು ಸಿಕ್ತು. ನಾಳೆ... ಬರ್ತೀರಾ?"

"ಬರ್ತೀನಿ. ಆದ್ರೆ ಟಿಕೆಟ್ ತಗೊಳ್ಳಲ್ಲ!"

"ತಗೊಳ್ದೆ ಒಳಗೆ ಬಿಡಲ್ಲ."

"ಜಗಳ ಆಡ್ತೀನಿ."

"ಆಡಿ," ಮರಳು ಮೆತ್ತಿದ ಅವಳ ಕೈಯನ್ನು ಅವನು ಹಿಡಿದುಕೊಂಡ. "ಜೀವನಪೂರ್ತಿ ಆಡಿ."