ಒಂದು ಹೆಜ್ಜೆ ಹಿಂದಕ್ಕೆ

"ಆಟ ಆಡಿ, ಬೇಡ ಅನ್ನಲ್ಲ. ಆದ್ರೆ ಆ ಹಿಂದಕ್ಕೆ ಹೋಗೋ ಕೀ ಮಾತ್ರ ಒತ್ಬೇಡಿ," ಎಂದರು ಅತ್ತೆ.

ಮೇಷ್ಟ್ರಿಗೆ ನಗು ಬಂತು. ಶಾಲೆಯಲ್ಲಿ ಗಣಿತ ಕಲಿಸುವವರು; ಲೆಕ್ಕಕ್ಕೆ ಸಿಗದ ಯಾವುದನ್ನೂ ನಂಬಿದವರಲ್ಲ. ಹೆಂಡತಿಗೆ ದಿನ ತುಂಬುತ್ತಿದ್ದುದರಿಂದ ರಜೆ ಹಾಕಿ ಅತ್ತೆಯ ಮನೆಗೆ ಬಂದಿದ್ದರು. ಹೊತ್ತು ಹೋಗದೆ ಮೂಲೆಕೋಣೆಯ ಹಳೆಯ ಕಂಪ್ಯೂಟರ್ ಆನ್ ಮಾಡಿದ್ದರು.

ತೀರಿಹೋದ ಮಾವ ರೇಡಿಯೊ ರಿಪೇರಿ ಮಾಡುತ್ತಿದ್ದವರು. ಪ್ರೋಗ್ರಾಮ್ ಬರೆಯುವುದು ಅವರ ಹುಚ್ಚು. ಪೆಟ್ಟಿಗೆ ತಳ್ಳುವ ಹಳೆಯ ಆಟವನ್ನು ತಾವೇ ಹೊಸದಾಗಿ ಬರೆದು, ಇದೇ ಮನೆಯ ಗೋಡೆ ಬಾಗಿಲುಗಳನ್ನು ಅದರ ನಕ್ಷೆ ಮಾಡಿದ್ದರು. ಪೆಟ್ಟಿಗೆಗಳನ್ನು ಗುರುತಿಟ್ಟ ಜಾಗಕ್ಕೆ ತಳ್ಳಬೇಕು, ಎಳೆಯಲಾಗದು. ಮೂಲೆ ಸೇರಿತೋ, ಆಟ ಕೆಟ್ಟಿತು. ಅದಕ್ಕೇ ಹಿಂದಿನ ನಡೆಯನ್ನು ಅಳಿಸುವ ಆ ಕೀ.

ಹಿರಿಯ ಮಗಳು ಸತ್ತಾಗ ಮಾವ ಒಬ್ಬ ಮಾಟಗಾರನ ಕಾಲು ಹಿಡಿದು ಮಂತ್ರ ತಂದು, ಆ ಕೀಗೆಂದು ಬರೆದ ಪ್ರೋಗ್ರಾಮಿನ ಸಾಲುಗಳ ನಡುವೆ ಸೇರಿಸಿದ್ದರಂತೆ. ಒತ್ತಿದವರಿಗೆ ಯಾರು ಪ್ರಾಣವೋ ಅವರನ್ನೇ ಅದು ಹಿಡಿಯುತ್ತದಂತೆ.

"ಸಾವು ಅಳಿಸೋಕೆ ಹೋದ್ರು, ಹುಟ್ಟೂ ಅಳಿಸಿಹೋಯ್ತು. ಸಾಯೋ ಮುಂಚೆ ಅವರೇ ಹೇಳಿದ್ದು. ನಂಗೆ ಅಂಥ ಮಗಳು ನೆನಪೇ ಇಲ್ಲ. ಆದ್ರೆ ಈ ಪುಟ್ಟ ಮಂಚ ಯಾರದ್ದು?"

ಅತ್ತೆ ಮಂಚದ ಧೂಳು ಒರೆಸಿ ಹೋದರು. ಎಂದಾದರೂ ಆ ಮಗಳು ಮರಳಿಯಾಳೆಂಬ ಆಸೆಗೇ ಆ ಕಂಪ್ಯೂಟರನ್ನು ಎಸೆದಿರಲಿಲ್ಲ. ಪಾಪ, ಮುದುಕಿಗೆ ಅರಳುಮರಳು ಎಂದುಕೊಂಡರು ಮೇಷ್ಟ್ರು. ಹುಟ್ಟುವ ಮಗುವಿಗೆ ಮಂಚವಂತೂ ಆಯಿತು.

ಸಂಜೆಯಾಯಿತು. ಅಡುಗೆಮನೆಯಲ್ಲಿ ಹೆಂಡತಿ ಗುನುಗುತ್ತ ತರಕಾರಿ ಹೆಚ್ಚುತ್ತಿದ್ದಳು. ಇನ್ನೇನು ಗೆದ್ದೆ ಎನ್ನುವಾಗ ಕೊನೆಯ ಪೆಟ್ಟಿಗೆ ಮೂಲೆಗೆ ಸಿಕ್ಕಿಕೊಂಡಿತು. ಅಷ್ಟು ಹೊತ್ತಿನ ಶ್ರಮ ನೀರುಪಾಲು. ಮೇಷ್ಟ್ರು ಬಾಗಿಲ ಕಡೆ ನೋಡಿ, ಕಳ್ಳನಗೆ ನಕ್ಕು, ಆ ಕೀ ಒತ್ತಿದರು.

ಗೋಡೆಯಾಚೆ ಭಾರವಾದುದೇನನ್ನೋ ನೆಲದ ಮೇಲೆ ಎಳೆದ ಸದ್ದು. ಸುಟ್ಟ ಕೂದಲಿನ ವಾಸನೆ. ಅತ್ತೆ ಏನೋ ಸರಿಸುತ್ತಿರಬೇಕೆಂದು ಮತ್ತೆ ಒತ್ತಿದರು. ಗುನುಗು ನಿಂತಿತು. ಗೂಟದಲ್ಲಿದ್ದ ಅವರ ಅಂಗಿ ಇಲ್ಲ. ಗೋಡೆಯ ಮದುವೆ ಫೋಟೊ ಇಲ್ಲ. ಮೊಳೆಯೂ ಇಲ್ಲ. ಬೆರಳು ತೆಗೆಯಬೇಕು. ಬರುತ್ತಿಲ್ಲ. ಕೀ ತಾನೇ ಒತ್ತಿಕೊಳ್ಳುತ್ತಿದೆ. ಮತ್ತೆ. ಮತ್ತೆ. ಸದ್ದು ಹತ್ತಿರ. ಬೆನ್ನ ಹಿಂದೆ. ಇನ್ನೊಂದು ಕೈಯಲ್ಲಿ ವೈರು ಕಿತ್ತರು. ಪರದೆ ಆರಿತು. ಕತ್ತಲು.

ಹೆಂಡತಿ ಬಾಗಿಲಿಗೆ ಬಂದು ದೀಪ ಹಾಕಿದಳು. ಅವಳ ಹೊಟ್ಟೆ ಚಪ್ಪಟೆಯಾಗಿತ್ತು.

"ಅಮ್ಮಾ, ಯಾರೋ ಒಳಗೆ ಬಂದಿದ್ದಾರೆ," ಎಂದಳು.

ಮೇಷ್ಟ್ರು ತಾವಿಟ್ಟ ಮುದ್ದಿನ ಹೆಸರಿನಿಂದ ಕರೆದರು. ಅವಳು ತರಕಾರಿಯ ಚಾಕು ಮುಂದೆ ಹಿಡಿದು ಹಿಂದೆ ಸರಿದಳು. ಮದುವೆಯ ದಿನ ನಾಚಿ ನೋಡಿದ್ದ ಕಣ್ಣುಗಳಲ್ಲಿ ಈಗ ಇದ್ದದ್ದು ಬರೀ ಹೆದರಿಕೆ. ಮೇಷ್ಟ್ರು ಪುಟ್ಟ ಮಂಚದ ಕಾಲು ಹಿಡಿದು ನೆಲಕ್ಕೆ ಕುಸಿದು, ಹೆಂಡತಿಗಾಗಿ, ಮುಖವನ್ನೇ ಕಾಣದ ಮಗುವಿಗಾಗಿ ಬಿಕ್ಕಿ ಬಿಕ್ಕಿ ಅತ್ತರು.

ಅತ್ತೆ ಓಡಿ ಬಂದರು. ಅಳುತ್ತಿರುವ ಅಪರಿಚಿತನನ್ನು ನೋಡಿದರು. ಇನ್ನೂ ಬಿಸಿಯಿದ್ದ ಕಂಪ್ಯೂಟರ್ ಮುಟ್ಟಿ ನೋಡಿದರು. ಮಗಳಿಗೆ ಚಾಕು ಕೆಳಗಿಡಲು ಹೇಳಿ, ಮೆಲ್ಲಗೆ ಅವರ ಪಕ್ಕದಲ್ಲಿ ಕೂತರು.

"ನೀವು ನಮಗೆ ಏನಾಗ್ಬೇಕಿತ್ತಪ್ಪ?" ಎಂದು ಕೇಳಿದರು.