ಆಯಿಕ್ವೆ ಸಾಕಿದ ಹನ್ನೆರಡು ಮೀನು

ಆಯಿಕ್ವೆಗೆ ಮೀನೆಂದರೆ ಹೇಸಿಗೆ. ಅಕ್ರಾದ ಅಳಿವೆಯ ದಡದಲ್ಲಿ ಮೀನು ತಿಂದೇ ಬೆಳೆದವನಿಗೆ ಈಗ ಆ ಲೋಳೆ, ಆ ನಾತ, ಆ ರೆಪ್ಪೆಯಿಲ್ಲದ ಕಣ್ಣು ಕಂಡರೆ ವಾಕರಿಕೆ. ಅಳಿವೆಯನ್ನು ಹೊಲಸು ಮಾಡಿದವನು ತಾನೇ ಎನ್ನುವುದು ಮಾತ್ರ ಹೇಸಿಗೆ ಎನಿಸಿರಲಿಲ್ಲ. ಹಳೆಯ ಟಿ.ವಿ., ಕಂಪ್ಯೂಟರ್ ಒಡೆದು ತೊಳೆದ ನೀರನ್ನು ಅವನ ಗುಜರಿ ಅಂಗಳ ಹನ್ನೊಂದು ವರ್ಷದಿಂದ ಅಲ್ಲಿಗೇ ಬಿಡುತ್ತಿತ್ತು.

ಈಗ ಆ ಅಂಗಳಕ್ಕೇ ಕುತ್ತು ಬಂದಿತ್ತು. ಅಳಿವೆಯ ಮೀನು ದಾರಿ ಕಾಣದೆ ದೋಣಿಗೆ ಬಡಿಯುತ್ತಿವೆ, ಮೊಟ್ಟೆ ಕಟ್ಟುತ್ತಿಲ್ಲ ಎಂದು ಪಕ್ಕದ ಮನೆಯ ಮೀನು ಮಾರುವ ಅಮರ್ಲೆ ಊರನ್ನೇ ಸೇರಿಸಿದ್ದಳು. ವಿಶ್ವವಿದ್ಯಾಲಯದಿಂದ ಲಾಮಿಲೆ ಎಂಬ ಹೆಂಗಸನ್ನೂ ಕರೆತಂದಿದ್ದಳು.

‘ಮರಿಮೀನಿಗೆ ಕಣ್ಣು ಬಲಿಯೋಕೆ ಒಂದು ಹಾರ್ಮೋನು ಬೇಕು,’ ಎಂದಿದ್ದಳು ಲಾಮಿಲೆ. ‘ಟಿ.ವಿ. ಪ್ಲಾಸ್ಟಿಕ್ಕಿಗೆ ಬೆಂಕಿ ಹತ್ತಬಾರದು ಅಂತ ಬೆರೆಸ್ತಾರಲ್ಲ, ಆ ವಿಷ ಅದನ್ನೇ ಕೆಡಿಸುತ್ತೆ. ಕಣ್ಣಿರುತ್ತೆ, ನೋಟ ಇರಲ್ಲ.’

‘ನಿನ್ನವ್ವ ಇದೇ ಅಳಿವೆ ಮೀನು ಮಾರಿ ನಿನ್ನ ಸಾಕಿದ್ಳು ಕಣೋ,’ ಎಂದು ಅಮರ್ಲೆ ಎಲ್ಲರೆದುರು ಉಗಿದಿದ್ದಳು. ‘ನೀನು ಅದರ ಕಣ್ಣೇ ತೆಗೆದ್ಯಲ್ಲೋ.’

ಮೀನುಗಾರರ ಹಿರಿಯ ಲಾಂಟೆ ಮಧ್ಯಸ್ಥಿಕೆ ವಹಿಸಿದ. ಹನ್ನೆರಡು ಮರಿಗಳನ್ನು ಅಳಿವೆಯ ನೀರಿನಲ್ಲಿ ಲಾಂಟೆಯ ಮನೆಯಂಗಳದಲ್ಲೇ ಲಾಮಿಲೆ ಮೂರು ತಿಂಗಳು ಬೆಳೆಸುವುದು, ಆಮೇಲೆ ಎಲ್ಲರೆದುರು ನೋಟ ಪರೀಕ್ಷಿಸುವುದು. ಕುರುಡಾದರೆ ಆಯಿಕ್ವೆಯ ಅಂಗಳಕ್ಕೆ ಬೀಗ.

ಆಯಿಕ್ವೆ ತಕ್ಷಣ ಒಪ್ಪಿಕೊಂಡ. ಪೆದ್ದುಗಳು, ಎಂದುಕೊಂಡ ಮನಸ್ಸಿನಲ್ಲೇ. ಲಾಮಿಲೆ ಮರಿ ತಂದ ಕೆರೆಯಿಂದಲೇ, ಅದೇ ದಿನ, ಅದೇ ಸೂಲಿನ ಹನ್ನೆರಡು ಮರಿ ತಂದ. ಬೆಳೆದರೂ ಹೆತ್ತ ತಾಯಿಗೂ ವ್ಯತ್ಯಾಸ ತಿಳಿಯಬಾರದು. ಹಿತ್ತಿಲ ಗೋಡೆಯ ಮರೆಯಲ್ಲಿ ಇಟ್ಟ. ಅಳಿವೆಯ ಒಂದು ಹನಿಯೂ ಸೋಕದಂತೆ, ತಾನು ಕುಡಿಯುವ ನೀರಿನ ಪ್ಯಾಕೆಟ್ಟುಗಳನ್ನೇ ಕತ್ತರಿಸಿ ಸುರಿದ. ತೊಟ್ಟಿಗೆ ಪರದಾಡಬೇಕಿರಲಿಲ್ಲ. ಟಿ.ವಿ. ಡಬ್ಬಗಳನ್ನು ಕರಗಿಸಿ ಅಚ್ಚು ಹಾಕಿದ ಕರಿ ತೊಟ್ಟಿಗಳು ಅವನ ಶೆಡ್ಡಿನಲ್ಲೇ ಬೇಕಾದಷ್ಟು ಬಿದ್ದಿದ್ದವು.

ಮೇವು ಹಾಕುವುದೇ ನರಕ. ತೊಟ್ಟಿಯ ಮೇಲೆ ಬಗ್ಗಿ ಆ ಲೋಳೆ ನೀರಿನ ನಾತ ಕುಡಿಯಲು ಅವನಿಂದಾಗದು. ಮೂಗು ಮುಚ್ಚಿಕೊಂಡು, ಸ್ಪ್ಯಾನರಿನಿಂದ ಅಂಚಿಗೆ ಮೂರು ಸಲ ಕುಟ್ಟಿ, ಮೆಕ್ಕೆಜೋಳದ ಕೆಂಕೆ ಮುದ್ದೆಯ ಪುಡಿ ಎಸೆದು ಓಡಿಬಿಡುತ್ತಿದ್ದ. ಕುಟ್ಟಿದ್ದೇ ತಡ, ಹನ್ನೆರಡೂ ಚಂಗನೆ ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಥೂ, ಹೊಟ್ಟೆಬಾಕ ಮುಂಡೇವು! ಆದರೂ ಏನು ಚುರುಕು ಎಂದು ಒಳಗೊಳಗೇ ಹಿಗ್ಗುತ್ತಿದ್ದ.

ಅದಲುಬದಲಿಗೆ ಪರೀಕ್ಷೆಯ ಹಿಂದಿನ ದಿನ, ಮಂಗಳವಾರವನ್ನೇ ಆರಿಸಿಕೊಂಡ. ಅಂದು ಸಮುದ್ರಕ್ಕೆ ಬಿಡುವು, ಯಾರೂ ಬಲೆ ಬೀಸುವಂತಿಲ್ಲ. ಲಾಂಟೆ ಮನೆಮಂದಿಯೊಡನೆ ಬಲೆ ನೇಯಲು ದಡಕ್ಕೆ ಹೋಗಿದ್ದ. ಆಯಿಕ್ವೆ ಲಾಂಟೆಯ ಅಂಗಳಕ್ಕೆ ಹಿಂಬಾಗಿಲಿನಿಂದ ನುಗ್ಗಿ ತನ್ನ ಹನ್ನೆರಡನ್ನು ಬಿಟ್ಟು, ಅಲ್ಲಿದ್ದವನ್ನು ಬಕೆಟ್ಟಿಗೆ ತುಂಬಿಕೊಂಡ. ಅವು ಬಕೆಟ್ಟಿನ ಗೋಡೆಗೆ ಮತ್ತೆ ಮತ್ತೆ ಮೂತಿ ಗುದ್ದಿಕೊಳ್ಳುತ್ತಿದ್ದವು. ಲಾಮಿಲೆ ಹೇಳಿದ್ದು ನಿಜ. ಚರಂಡಿಗೆ ಸುರಿದು, ಕೈ ಮೂರು ಸಲ ತೊಳೆದ.

ಬುಧವಾರ ಊರೆಲ್ಲ ನೆರೆದಿತ್ತು. ಹಲಗೆಯ ಜಗಲಿಯ ಮೇಲೆ ಗಾಜಿನ ಪೆಟ್ಟಿಗೆ, ಒಳಗೆ ಮೀನು. ಲಾಮಿಲೆ ಕೆಂಪು ಗುಂಡೊಂದನ್ನು ದಾರಕ್ಕೆ ಕಟ್ಟಿ ಗಾಜಿನ ಹೊರಗೆ ಆಡಿಸಿದಳು. ಕಣ್ಣಿರುವ ಮೀನಾದರೆ ಅದರ ಹಿಂದೆಯೇ ತಿರುಗಬೇಕು. ಒಂದೂ ತಿರುಗಲಿಲ್ಲ. ಇನ್ನೊಮ್ಮೆ ಆಡಿಸಿದಳು. ಒಂದು ಮೀನು ನಿಧಾನವಾಗಿ ಬಂದು ಗಾಜಿಗೆ ಮೂತಿ ಗುದ್ದಿಕೊಂಡಿತು. ಇದು ಹೇಗೆ ಸಾಧ್ಯ? ಅಳಿವೆಯ ಹನಿಯೂ ಸೋಕಿಸಿರಲಿಲ್ಲವಲ್ಲ! ಆಗ ಆಯಿಕ್ವೆಗೆ ಟಿ.ವಿ. ಡಬ್ಬದ ಪ್ಲಾಸ್ಟಿಕ್ಕಿನ ಆ ಕರಿ ತೊಟ್ಟಿ ನೆನಪಾಯಿತು.

ಅಂಗಳ ಹೋಯಿತು, ಕಳ್ಳತನವಾದರೂ ಗುಟ್ಟಾಗಿ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡ. ತೀರ್ಪು ಹೇಳಲು ಲಾಂಟೆ ಎದ್ದು, ಪದ್ಧತಿಯಂತೆ ಕೋಲನ್ನು ಹಲಗೆಗೆ ಮೂರು ಸಲ ಕುಟ್ಟಿದ. ಹನ್ನೆರಡು ಮೀನೂ ಚಂಗನೆ ಮೇಲೆ ಬಂದು ಬಾಯಿ ತೆರೆದು ನಿಂತವು. ಈ ಮೂರು ತಿಂಗಳಲ್ಲಿ ಒಂದು ದಿನವೂ ಆಯಿಕ್ವೆ ಕುಟ್ಟದೆ ಮೇವು ಹಾಕಿರಲಿಲ್ಲ. ‘ನಾನು ಯಾವತ್ತೂ ಕುಟ್ಟಿ ಕರೆದಿಲ್ಲ, ಇವು ನನ್ನ ಮೀನಲ್ಲ,’ ಎಂದಳು ಲಾಮಿಲೆ. ಅಮರ್ಲೆ ಮೀನನ್ನು ನೋಡಲಿಲ್ಲ, ನೇರ ಆಯಿಕ್ವೆಯ ಮುಖ ನೋಡಿದಳು. ‘ಈ ಮೂರು ಪೆಟ್ಟು ನಂಗೊತ್ತು ಕಣಪ್ಪಾ. ಮೂರು ತಿಂಗಳಿಂದ ದಿನಾ ಬೆಳಿಗ್ಗೆ ನಿನ್ನ ಗೋಡೆ ಆಚೆಯಿಂದ ಕೇಳ್ತಾ ಇದೀನಿ.’