ಟಿಕೆಟ್ ಮೇಡಂ

"ಸ್ಕ್ರೀನಿನ ಬಲಗಡೆ ಮೇಲೆ ಒಂದು ಕೆಂಪು ಬಟನ್ ಇದೆ ನೋಡಿ ಸರ್. ಕಾಣಿಸ್ತಾ?"

"ಇಲ್ಲ."

"ಸರಿಯಾಗಿ ನೋಡಿ. ದೊಡ್ಡದಾಗೇ ಇದೆ."

"ಹುಟ್ಟಿದಾಗಿನಿಂದ ನೋಡ್ತಾನೇ ಇದ್ದೀನಿ ಮೇಡಂ. ಇನ್ನೂ ಕಾಣಿಸಿಲ್ಲ."

ಫೋನಿನ ಆ ಕಡೆ ಮೌನ. ಇಂಥ ಮೌನ ನನಗೆ ಹೊಸದಲ್ಲ. ಅದರ ಬೆನ್ನಿಗೇ ಒಂದು 'ಅಯ್ಯೋ, ಸಾರಿ' ಬರುತ್ತದೆ, ದನಿ ಮೆತ್ತಗಾಗುತ್ತದೆ, ಮಗುವಿಗೆ ಔಷಧಿ ಕುಡಿಸುವವರ ಹಾಗೆ ಮಾತು ಶುರುವಾಗುತ್ತದೆ. ನಾನು ಅದಕ್ಕೇ ಕಾದು ಕೂತಿದ್ದೆ, ಸ್ವಲ್ಪ ಮಜಾ ತೆಗೆದುಕೊಳ್ಳೋಣ ಅಂತ. ಆದರೆ ಇವಳು ಬೈದಳು. ಮೊದಲೇ ಹೇಳುವುದಕ್ಕೆ ನಿಮಗೇನು ಕಷ್ಟವಾಗಿತ್ತು, ಇಷ್ಟು ಹೊತ್ತು ನನ್ನ ಬಾಯಿ ಒಣಗಿಸಿದಿರಲ್ಲ ಎಂದು ದಬಾಯಿಸಿದಳು. ಆಮೇಲೆ ಫೋನಿನಿಂದ ಮುಖ ಆಚೆ ತಿರುಗಿಸಿಕೊಂಡು, ನನಗೆ ಕೇಳಿಸಬಾರದೆಂದು ತಡೆದು ತಡೆದು ನಕ್ಕಳು. ನನಗೆ ಕೇಳಿಸದೆ ನಗುವುದು ಅಷ್ಟು ಸುಲಭವಲ್ಲ. ಅಂದು ಮಧ್ಯಾಹ್ನವೆಲ್ಲ ನಾನು ಸುಮ್ಮಸುಮ್ಮನೆ ಹಲ್ಲು ಕಿರಿಯುತ್ತಿದ್ದೆನಂತೆ, ಅತ್ತೆ ಹೇಳಿದರು.

ನಮ್ಮದು ಕೇಳುವ ಪುಸ್ತಕಗಳ ಲೈಬ್ರರಿ. ಕಣ್ಣಿದ್ದವರು ಬಂದು ಪುಸ್ತಕ ಓದಿ ರೆಕಾರ್ಡ್ ಮಾಡಿ ಹೋಗುತ್ತಾರೆ, ಕಣ್ಣಿಲ್ಲದವರು ಕೇಳಿಸಿಕೊಳ್ಳುತ್ತಾರೆ. ಅತ್ತೆ, ಅಂದರೆ ನನ್ನ ಅಪ್ಪನ ತಂಗಿ, ಟೆಲಿಫೋನ್ ಆಪರೇಟರ್ ಆಗಿದ್ದು ರಿಟೈರ್ ಆದವರು. ಯಜಮಾನಿಕೆ ಅವರದು, ಕಂಪ್ಯೂಟರ್ ನನ್ನದು. ಕಂಪ್ಯೂಟರ್ ಎಂದರೆ ಯಾವುದೋ ಬ್ಯಾಂಕಿನವರು ಬಳಸಿ ಬಿಸಾಕಿದ್ದು. ಅಂಥವನ್ನು ರಿಪೇರಿ ಮಾಡಿ ನಮ್ಮಂಥ ಸಣ್ಣ ಸಂಸ್ಥೆಗಳಿಗೆ ಪುಕ್ಕಟೆ ಕೊಟ್ಟು, ಒಂದು ವರ್ಷ ಕೆಟ್ಟದ್ದನ್ನು ಸರಿಮಾಡಿ, ಕೆಲಸ ಕಲಿಸಿ, ಆಮೇಲೆ ಇನ್ನು ನಿಮ್ಮ ಪಾಡು ನಿಮ್ಮದು ಎಂದು ಬಿಟ್ಟುಹೋಗುವ ಒಂದು ಸಂಸ್ಥೆಯಿದೆ. ಅವಳು ಅಲ್ಲಿ ಕೆಲಸಕ್ಕಿದ್ದಳು. ವೃದ್ಧಾಶ್ರಮದವರು, ರಕ್ತದಾನದವರು, ಬೀದಿನಾಯಿಗಳಿಗೆ ಊಟ ಹಾಕುವವರು, ನಾವು, ಎಲ್ಲರ ಗೋಳೂ ಅವಳ ಕಿವಿಗೇ ಬೀಳುತ್ತಿತ್ತು.

ಒಂದೊಂದು ದೂರಿಗೂ ಅವಳು ಒಂದು ಟಿಕೆಟ್ ನಂಬರು ಕೊಡುತ್ತಿದ್ದಳು. ಸರಿಹೋಯಿತು ಎಂದು ನಾವು ಒಪ್ಪಿದರೆ ಮಾತ್ರ ಟಿಕೆಟ್ ಮುಚ್ಚಬೇಕು, ಅದು ಅವರ ಪದ್ಧತಿ. ನಾನು ಒಪ್ಪುತ್ತಿರಲಿಲ್ಲ. ಪ್ರಿಂಟರ್ ಚೆನ್ನಾಗಿಯೇ ಓಡುತ್ತಿದ್ದರೂ, ಏನೋ ಸದ್ದು ಬರ್ತಿದೆ, ಎರಡು ದಿನ ನೋಡೋಣ ಎನ್ನುತ್ತಿದ್ದೆ. ಎಂಥ ಸದ್ದು ಎಂದು ಅವಳು ಕೇಳುವಳು. ನಾನು ಬಾಯಲ್ಲೇ ಆ ಸದ್ದು ಮಾಡಿ ತೋರಿಸುವೆ. ಅವಳು ಗಂಭೀರವಾಗಿ, ಸರಿ ಸರ್, ಬರ್ಕೊಂಡೆ, ಟಿಕೆಟ್ ತೆರೆದೇ ಇರಲಿ ಎನ್ನುವಳು. ಆ ಗಾಂಭೀರ್ಯದ ತುದಿಯಲ್ಲಿ ನಗು ತಡೆದ ದನಿ ಒಂದಿಷ್ಟು ನಡುಗುತ್ತಿತ್ತು. ಬೇರೆಯವರು ಕಣ್ಣಂಚಿನಲ್ಲಿ ನೋಡುವುದು ಅಂತಾರಲ್ಲ, ನನಗೆ ಅದು ಇದೇ. ನಾನು ಅವಳನ್ನು ಟಿಕೆಟ್ ಮೇಡಂ ಎಂದೆ. ಅವಳು ನನ್ನನ್ನು ಲೈಬ್ರರಿ ಎಂದಳು.

ನನ್ನ ಕಂಪ್ಯೂಟರಿನಲ್ಲಿ ಸ್ಕ್ರೀನ್ ಮೇಲಿನದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ಒಂದು ದನಿಯಿದೆ. ನಾನು ಟೈಪ್ ಮಾಡಿದ ಪ್ರತಿ ಪದವನ್ನೂ, ಅಳಿಸಿದ ಪ್ರತಿ ಅಕ್ಷರವನ್ನೂ ಅದು ಹೇಳುತ್ತದೆ. ಅದರ ಜೊತೆ ಕೆಲಸ ಮಾಡುವುದನ್ನು ಕಲಿಯಲು ಅವಳು ತನ್ನ ಆಫೀಸಿನಲ್ಲಿ ಮಾನಿಟರ್ ಆಫ್ ಮಾಡಿಕೊಂಡು ಕೂರುತ್ತಿದ್ದಳಂತೆ. ಪಕ್ಕದವರು ನಗುತ್ತಿದ್ದರಂತೆ. ಯಾಕೆ ಇಷ್ಟು ಕಷ್ಟಪಡ್ತೀರಿ ಎಂದು ಕೇಳಿದ್ದಕ್ಕೆ, ನೀವು ಸುಲಭವಾಗಿ ಮಾಡೋದು ನನಗೆ ಬರಲ್ಲ ಅಂದ್ರೆ ಹೊಟ್ಟೆಕಿಚ್ಚಾಗುತ್ತೆ ಎಂದಳು. ನನ್ನ ವಿಷಯದಲ್ಲಿ ಹೊಟ್ಟೆಕಿಚ್ಚು ಪಟ್ಟವರು ಅಲ್ಲಿಯತನಕ ಯಾರೂ ಇರಲಿಲ್ಲ. ನನಗೆ ಅದು ಎಷ್ಟು ಹಿತವಾಯಿತೆಂದರೆ, ಅಂದು ಒಂದು ಟಿಕೆಟ್ಟನ್ನು ದಾನವಾಗಿ ಮುಚ್ಚಿಸಿದೆ.

ಒಮ್ಮೆ ಅವಳೇ ಬಂದಳು, ಹಾರ್ಡ್‌ಡಿಸ್ಕ್ ಬದಲಾಯಿಸಲು. ಸಂಜೆ ಬಸ್‌ಸ್ಟಾಪಿನವರೆಗೆ ಬಿಟ್ಟುಬರುತ್ತೇನೆ ಎಂದೆ. ಮೆಟ್ಟಿಲ ಬಳಿ ನಿಂತು, ನಾನು ನಿಮ್ಮನ್ನ ಹೇಗೆ ಹಿಡ್ಕೋಬೇಕು ಎಂದು ಕೇಳಿದಳು. ಸಾಮಾನ್ಯವಾಗಿ ಜನ ಕೇಳುವುದಿಲ್ಲ, ಸಾಮಾನು ಸಾಗಿಸುವ ಹಾಗೆ ರಟ್ಟೆ ಹಿಡಿದು ನೂಕುತ್ತಾರೆ. ನೀವು ಹಿಡಿಯೋದು ಬೇಡ, ನಾನು ಹಿಡೀತೀನಿ ಎಂದು ಅವಳ ಮೊಣಕೈಗೆ ಬೆರಳು ತಾಗಿಸಿದೆ. ಮೊಣಕೈ ತಣ್ಣಗಿತ್ತು. ದಾರಿಯುದ್ದಕ್ಕೂ ಇಬ್ಬರೂ ಹಾರ್ಡ್‌ಡಿಸ್ಕ್ ಬಗ್ಗೆಯೇ ಮಾತಾಡಿದೆವು, ಜಗತ್ತಿನಲ್ಲಿ ಬೇರೆ ವಿಷಯವೇ ಇಲ್ಲವೇನೋ ಎಂಬಂತೆ. ಅವಳು ಬಸ್ಸೊಂದನ್ನು ಬೇಕೆಂದೇ ಬಿಟ್ಟಳು. ಬಸ್ಸಿನ ಸದ್ದು ನನಗೆ ಗೊತ್ತಾಗುವುದಿಲ್ಲ ಎಂದುಕೊಂಡಿದ್ದಳು, ಪೆದ್ದಿ.

ಮನೆಗೆ ಬಂದು ಅತ್ತೆಗೆ ಹೇಳಿದೆ. ವರ್ಷ ಮುಗಿದ ಮೇಲೆ ಎಲ್ಲವನ್ನೂ ನಮಗೆ ಒಪ್ಪಿಸಿಹೋಗಲು ಅವಳು ಕೊನೆಯ ಸಲ ಬರುತ್ತಾಳೆ, ನಾನಂದ್ರೆ ಇಷ್ಟವಾ ಎಂದು ಆ ದಿನ ಕೇಳುತ್ತೇನೆ, ಅಲ್ಲಿಯವರೆಗೆ ಬೇಡ, ಅವಳು ಕೆಲಸಕ್ಕಾಗಿ ಮಾತಾಡುತ್ತಾಳೋ ನನಗಾಗಿಯೋ ಎಂಬ ಅನುಮಾನ ಉಳಿಯಬಾರದು ಎಂದೆ. ಅತ್ತೆ ಮಾರನೇ ದಿನವೇ ಹೋಗಿ ನನಗೊಂದು ಶರ್ಟ್ ತಂದರು. ಬಣ್ಣ ಯಾವುದು ಎಂದರೆ, ನಿನಗೆ ಒಪ್ಪೋದು ಎಂದರು.

ಕ್ಯಾಟಲಾಗ್ ಮಾಡಿದ ದಿನ ಹೀಗಾಯಿತು. ರೆಕಾರ್ಡ್ ಆದ ಪುಸ್ತಕಗಳ ಹೆಸರನ್ನೆಲ್ಲ ಕಂಪ್ಯೂಟರಿಗೆ ಸೇರಿಸಬೇಕಿತ್ತು. ಅವಳು ತನ್ನ ಆಫೀಸಿನಲ್ಲೇ ಕೂತು ನನ್ನ ಕಂಪ್ಯೂಟರನ್ನು ತನ್ನ ಕೈಗೆ ತೆಗೆದುಕೊಂಡು, ಕನ್ನಡದಲ್ಲೇ ಟೈಪ್ ಮಾಡುತ್ತಿದ್ದಳು. ಅವಳು ಅಲ್ಲಿ ಒತ್ತಿದ ಕೀ ಇಲ್ಲಿ ಬೀಳುತ್ತದೆ, ನನ್ನ ಹೆಡ್‌ಫೋನಿನಲ್ಲಿ ಆ ದನಿ ಓದುತ್ತದೆ. ಫೋನು ಮೇಜಿನ ಮೇಲೆ ಸ್ಪೀಕರಿನಲ್ಲಿತ್ತು. ನಡುವೆ ಅವಳ ಮೊಬೈಲಿಗೆ ಟಿಂಗ್ ಟಿಂಗ್ ಎಂದು ಮೆಸೇಜುಗಳು ಬರುತ್ತಿದ್ದವು. ಅಕ್ಕ, ಒಂದೇ ಸಮ ತಲೆ ತಿಂತಾಳೆ ಎಂದು ಗೊಣಗಿದಳು. ಅಕ್ಕನ ಮೆಸೇಜು ಅವಳ ಕಂಪ್ಯೂಟರಿನಲ್ಲೂ ತೆರೆದಿರುತ್ತಿತ್ತು, ನನ್ನ ಸ್ಕ್ರೀನಿನ ಪಕ್ಕದಲ್ಲೇ. ಅಲ್ಲಿ ಉತ್ತರ ಬರೆಯಲು ಹೋದವಳು, ಕೀಬೋರ್ಡ್ ನೋಡಿಕೊಂಡು, ಗೊತ್ತಾಗದೆ ನನ್ನ ಕಂಪ್ಯೂಟರಿನಲ್ಲಿಯೇ ಟೈಪ್ ಮಾಡಿದಳು.

ಪುಸ್ತಕದ ಹೆಸರು ಬರೆಯುವ ಜಾಗದಲ್ಲಿ ಆ ದನಿ, ಏರಿಳಿತವಿಲ್ಲದೆ, ಒಂದೊಂದೇ ಪದ ಓದುತ್ತಾ ಹೋಯಿತು.

ಅಕ್ಕಾ. ಸುಮ್ನಿರೇ. ಅವರಿಗೆ. ಕಣ್ಣು. ಕಾಣಿಸಲ್ಲ. ಪಾಪ. ಅಂತ. ಮಾತಾಡಿಸ್ತೀನಿ. ಅಷ್ಟೇ. ಅಮ್ಮನ. ತಲೇಲಿ. ಇಲ್ಲದ್ದು. ತುಂಬಬೇಡ.

ಸ್ಪೀಕರಿನಲ್ಲಿ ಅವಳ ಉಸಿರು ನಿಂತದ್ದು ಕೇಳಿಸಿತು. ಆಮೇಲೆ ಅಳಿಸತೊಡಗಿದಳು. ದನಿ ಅದನ್ನೂ ಹೇಳಿತು. ಡ. ಬೇ. ಬ. ತುಂ. ಹಿಂದಿನಿಂದ ಮುಂದಕ್ಕೆ, ಒಂದೊಂದೇ ಅಕ್ಷರ, ಅವಳ ಅಮ್ಮ, ನನ್ನ ಕಣ್ಣು, ಅವಳ ಪಾಪ, ಎಲ್ಲವೂ ನನ್ನ ಕಿವಿಯೊಳಗೆ ಇನ್ನೊಂದು ಸಲ ಬಂದುಹೋದವು. ಕೊನೆಗೆ ದನಿ 'ಖಾಲಿ' ಎಂದಿತು.

"ಲೈಬ್ರರಿ?" ಎಂದಳು ಮೆಲ್ಲಗೆ. "ಅಲ್ಲೇ ಇದ್ದೀರಾ?"

ನಾನು ಸದ್ದಾಗದ ಹಾಗೆ ಹೆಡ್‌ಫೋನ್ ತೆಗೆದಿಟ್ಟೆ. ಸ್ವಲ್ಪ ಹೊತ್ತು ಬಿಟ್ಟು, ಈಗಷ್ಟೇ ಬಂದವನ ಹಾಗೆ ಕುರ್ಚಿಯನ್ನು ಕರಕರ ಎಳೆದು, ಟೀ ತರೋಕೆ ಹೋಗಿದ್ದೆ ಮೇಡಂ, ಕರೆದ್ರಾ ಎಂದೆ. ಅವಳು ಉಸಿರು ಬಿಟ್ಟಳು. ಬದುಕಿಕೊಂಡೆ ಎಂಬಂಥ ಆ ಉಸಿರು ಪದಗಳಿಗಿಂತ ಹೆಚ್ಚು ಚುಚ್ಚಿತು. ಆಮೇಲೆ ಅವಳು ಎಂದಿಗಿಂತ ಹೆಚ್ಚೇ ಗೆಲುವಾಗಿ ಮಾತಾಡಿದಳು, ನಾನೂ ನಕ್ಕೆ. ನಗುವುದಕ್ಕೇನು, ಅಭ್ಯಾಸವಿದೆ.

ಅಲ್ಲಿಂದ ಮುಂದೆ ನನ್ನ ಪ್ರಿಂಟರ್ ಸದ್ದು ಮಾಡುವುದನ್ನು ನಿಲ್ಲಿಸಿತು. ಟಿಕೆಟ್ ತೆರೆದ ದಿನವೇ, ಸರಿಹೋಯ್ತು, ಮುಚ್ಚಿ ಎನ್ನುತ್ತಿದ್ದೆ. ಟಿಕೆಟ್ ಮೇಡಂ ಬರೀ ಮೇಡಂ ಆದಳು. ಈಚೆಗೆ ನಿಮ್ಮಲ್ಲಿ ಏನೂ ಕೆಡ್ತಾನೇ ಇಲ್ವಲ್ಲ ಎಂದು ಒಂದು ಸಲ ಕೇಳಿದಳು. ನೀವು ಚೆನ್ನಾಗಿ ಕಲಿಸಿದ್ದೀರಿ ಎಂದೆ. ಅವಳಿಗೆ ಅದು ಹೊಗಳಿಕೆಯೋ ಚುಚ್ಚುಮಾತೋ ಗೊತ್ತಾಗದೆ, ಥ್ಯಾಂಕ್ಸ್ ಎಂದಳು.

ಅತ್ತೆಗೆ ನಾನೇನೂ ಹೇಳಲಿಲ್ಲ. ಆದರೂ ಜೀವಮಾನವೆಲ್ಲ ಬೇರೆಯವರ ಫೋನು ಜೋಡಿಸಿದವರಿಗೆ ಎಲ್ಲಿ ಲೈನು ಕಟ್ಟಾಗಿದೆ ಎಂದು ತಿಳಿಯದೆ ಇರುತ್ತದೆಯೇ? ಅವಳು ಕೊನೆಯ ಸಲ ಬರುವ ದಿನ ಬೆಳಿಗ್ಗೆ, ಶರ್ಟ್ ಇಸ್ತ್ರಿ ಮಾಡಿ ಮಂಚದ ಮೇಲೆ ಇಟ್ಟಿದ್ದೀನಿ ಎಂದರು. ನಾನು ಹಳೆಯದನ್ನೇ ಹಾಕಿಕೊಂಡೆ. ಅವರು ಹೊಸದನ್ನು ಮಡಿಸಿಟ್ಟರು.

ಅವಳು ಬಂದಳು. ಕೀಲಿಕೈ, ಕೇಬಲ್ಲು, ಪಾಸ್‌ವರ್ಡ್ ಬದಲಾಯಿಸುವ ಕ್ರಮ, ಒಂದೊಂದನ್ನೂ ಹೇಳಿ ಒಪ್ಪಿಸಿದಳು. ಕೊನೆಗೆ ರೆಕಾರ್ಡಿಂಗ್ ರೂಮಿನ ಮೈಕ್ ನೋಡಬೇಕು ಎಂದಳು. ಮೈಕಿಗೆ ಏನೂ ಆಗಿರಲಿಲ್ಲ. ಬಾಗಿಲು ಮುಚ್ಚಿದ ಮೇಲೆ ಅಲ್ಲಿ ಉಳಿಯುವುದು ಒಳಗಿರುವವರ ಉಸಿರು ಮಾತ್ರ. ಎರಡು ಸ್ಟೂಲುಗಳಲ್ಲಿ ಎದುರುಬದುರು ಕೂತೆವು.

"ನಾಳೆಯಿಂದ ನಿಮಗೆ ಫೋನ್ ಮಾಡೋಕೆ ನನಗೆ ಕಾರಣ ಇರಲ್ಲ," ಎಂದಳು. "ಕಾರಣ ಇಲ್ಲದೇನೇ ಮಾಡಬೇಕು ಅಂತ ಆಸೆ. ನೀವೇ ಕೇಳ್ತೀರಿ ಅಂತ ಕಾದೆ. ಕೇಳಲಿಲ್ಲ. ಅದಕ್ಕೇ ನಾನೇ ಹೇಳ್ತಿದ್ದೀನಿ, ನೀವಂದ್ರೆ ನನಗೆ ಇಷ್ಟ."

ಈ ಮಾತಿಗಾಗಿ ನಾನು ಎಷ್ಟು ಸಲ ಕನಸು ಕಂಡಿದ್ದೆನೋ. ಬಂದಾಗ ಖುಷಿಗೆ ಎದೆ ಒಡೆದು ಹೋಗುತ್ತದೆ ಎಂದುಕೊಂಡಿದ್ದೆ. ಒಡೆಯಲಿಲ್ಲ, ನೋಯಿತು. ಆ ದಿನ ನಾನು ಟೀ ತರಲು ಹೋಗಿರಲಿಲ್ಲ ಎಂದು ಹೇಳಿಬಿಟ್ಟೆ.

ಅವಳಿಗೆ ಅರ್ಥವಾಗಲು ಸಮಯವೇನೂ ಹಿಡಿಯಲಿಲ್ಲ. ಅಳತೊಡಗಿದಳು. ಅಕ್ಕನ ಕಾಟ ತಡೆಯಲಾರದೆ ಬರೆದದ್ದು, ಅಮ್ಮನ ಕಿವಿಗೆ ಬಿದ್ದರೆ ಮನೆಯಲ್ಲಿ ರಂಪವಾಗುತ್ತದೆ ಎಂಬ ಹೆದರಿಕೆಗೆ ಬರೆದದ್ದು, ಒಂದು ದಿನವೂ ನಿಮ್ಮನ್ನು ಪಾಪ ಅಂದುಕೊಂಡಿಲ್ಲ ಎಂದಳು. ಅಳುವಿನ ನಡುವೆ ನನ್ನ ಕೈ ಹುಡುಕಿ ಹಿಡಿದುಕೊಂಡಳು. ನಾನು ಬಿಡಿಸಿಕೊಳ್ಳಲಿಲ್ಲ.

"ಗೊತ್ತು," ಎಂದೆ. "ನಿಜವಾಗ್ಲೂ ಪಾಪ ಅನಿಸಿದ್ದಿದ್ರೆ ನನಗೆ ಇಷ್ಟು ಬೇಜಾರಾಗ್ತಿರಲಿಲ್ಲ. ಅಂಥವರನ್ನ ದಿನಾ ನೋಡ್ತೀನಿ. ನಿಮಗೆ ಇರೋದು ಪ್ರೀತೀನೇ. ಆದ್ರೆ ಪಾಪ ಅಂತ ಮನೇಲಿ ಧೈರ್ಯವಾಗಿ ಹೇಳ್ತೀರಿ, ಪ್ರೀತಿ ಅಂತ ಹೇಳೋಕೆ ನಾಚಿಕೆ ನಿಮಗೆ."

ಅವಳು ಮೂಗು ಒರೆಸಿಕೊಂಡು, ಹೇಳ್ತೀನಿ, ಇವತ್ತೇ ಹೇಳ್ತೀನಿ, ಏನಾದರಾಗಲಿ ಎಂದಳು. ದನಿಯಲ್ಲಿ ನಿಜವಿತ್ತು; ದನಿಗಳ ವಿಷಯದಲ್ಲಿ ನಾನು ಮೋಸಹೋಗುವವನಲ್ಲ. ನನ್ನ ಸಿಟ್ಟೆಲ್ಲ ಇಳಿಯಿತು. ಇಷ್ಟು ವಾರ ಸುಮ್ಮನೆ ಒಣ ಜಂಭ ಮಾಡಿದೆ, ಮನುಷ್ಯರು ಹೆದರುತ್ತಾರೆ, ಹೆದರಿದವರು ಏನೋ ಬರೆಯುತ್ತಾರೆ ಎಂದುಕೊಂಡೆ. ಅವಳ ಬೆರಳುಗಳ ನಡುವೆ ನನ್ನ ಬೆರಳು ಸೇರಿಸಿದೆ. ಮನೆಗೆ ಹೋಗಿ ಆ ಶರ್ಟ್ ಹಾಕಿಕೊಂಡು ಬರಬೇಕು ಅನ್ನಿಸಿತು, ನಗು ಬಂತು.

ಆಗಲೇ ಅವಳ ಮೊಬೈಲ್ ಹೊಡೆದುಕೊಂಡಿತು. ಅಕ್ಕ, ಎಂದಳು. ತಗೊಳ್ಳಿ ಎಂದೆ. ಅವಳು ನನ್ನ ಕೈ ಬಿಡದೆ ಇನ್ನೊಂದು ಕೈಯಲ್ಲಿ ಫೋನ್ ಕಿವಿಗಿಟ್ಟಳು. ಆ ರೂಮಿನಲ್ಲಿ ಅಕ್ಕನ ಮಾತೂ ನನಗೆ ಚೆನ್ನಾಗಿ ಕೇಳಿಸುತ್ತಿತ್ತು. ಎಲ್ಲಿದ್ದೀಯ, ಯಾರ ಜೊತೆ ಇದ್ದೀಯ, ಎಂದು ಕೇಳಿದಳು.

ಅವಳು ಒಂದು ಸಲ ಉಸಿರೆಳೆದುಕೊಂಡಳು. ನಾನೂ ಎಳೆದುಕೊಂಡೆ.

"ಆಫೀಸಲ್ಲಿ ಅಕ್ಕಾ," ಎಂದಳು. "ಯಾರೂ ಇಲ್ಲ. ಒಬ್ಬಳೇ ಇದ್ದೀನಿ."

ಹಾಗೆನ್ನುವಾಗ ಅವಳು ನನ್ನ ಕೈಯನ್ನು ಇನ್ನೂ ಗಟ್ಟಿಯಾಗಿ ಒತ್ತಿದಳು. ಆಣೆ ಮಾಡಿ ಹೇಳಬಲ್ಲೆ, ಆ ಹಿಡಿತದಲ್ಲಿ ಪ್ರೀತಿಯಿತ್ತು.

ನಾನು ಒಂದೊಂದೇ ಬೆರಳು ಬಿಡಿಸಿಕೊಂಡು ಎದ್ದು ಬಾಗಿಲು ತೆರೆದೆ. ಅವಳು ಫೋನ್ ಇಟ್ಟು ಹೊರಗೆ ಬಂದಳು. ಮೇಜಿನ ಮೇಲಿದ್ದ ತನ್ನ ಬ್ಯಾಗಿನ ಜಿಪ್ ಎಳೆದುಕೊಂಡಳು. ಮೆಟ್ಟಿಲಲ್ಲಿ ಅವಳ ಹೆಜ್ಜೆ ನಿಧಾನವಾಗಿ ಇಳಿಯಿತು, ನಡುವೆ ಒಮ್ಮೆ ನಿಂತಿತು, ಮತ್ತೆ ಇಳಿಯಿತು.

ಅತ್ತೆ ಪಕ್ಕದಲ್ಲಿ ಬಂದು ನಿಂತು, ಬಸ್‌ಸ್ಟಾಪಿನವರೆಗೆ ಬಿಟ್ಟುಬರಲ್ವೇನೋ ಎಂದು ಕೇಳಿದರು.

"ಬೇಡ ಅತ್ತೆ," ಎಂದೆ. "ಒಬ್ಬರೇ ಹೋಗ್ತಾರೆ."